ಸರ್ವೇ ನಂಬರ್ ಸರಿ, ಹಿಸ್ಸಾ ತಪ್ಪು

ಕಲಬುರಗಿ, ಮೇ ತಿಂಗಳು. ಸೂಪರ್ ಮಾರ್ಕೆಟ್ ಕಡಿ ಭಾಯ್‌ನ ರಿಪೇರಿ ಅಂಗಡ್ಯಾಗ ಫ್ಯಾನ್ ತಿರಗ್ಲಿಕತ್ತಿತ್ತು, ಗಾಳಿ ಮಾತ್ರ ಒಲಿ ಮುಂದ ಕುಂತಂಗ. ಗೌಡ ತನ್ನ ಕಂಪ್ಯೂಟರ್ ಕೂಸಿನಂಗ ಅವಚ್ಕೊಂಡು ಬಂದ.

“ಭಾಯ್, ಫ್ಯಾನ್ ತಿರಗ್ತದ, ಲೈಟ್ ಹತ್ತತದ, ಮಾರಿ ಮಾತ್ರ ಕರ್ರಗ.”

“ಏನ್ ಮಾಡ್ದಿ?”

“ಏನೂ ಮಾಡಿಲ್ಲ.”

ಭಾಯ್ ಸುಮ್ನ ನೋಡಿದ.

“...ಬಯೋಸ್ ಫ್ಲ್ಯಾಶ್ ಮಾಡ್ದೆ.” ಅಂದ್ರ, ಕಂಪ್ಯೂಟರ್ ಚಾಲೂ ಮಾಡೋ ಮೂಲ ಪ್ರೋಗ್ರಾಮ್ ಅಳಿಸಿ ಹೊಸಾದು ಬರದಿದ್ದ.

ಮಾಸ್ತರ್ರು ಮಿರ್ಚಿ ಭಜಿ ಕೆಳಗಿಟ್ರು. “ನಡ್ಯೋದನ್ನ ಯಾಕ ಕೆದರ್ದಿಪಾ?”

“ಹೊಸ ಪ್ರೊಸೆಸರ್ ಹಾಕೋದಿತ್ರಿ. ಹಳೀ ಬಯೋಸ್ ಅದನ್ನ ಗುರ್ತ ಹಿಡ್ಯಂಗಿಲ್ಲ.”

“ಮದರ್‌ಬೋರ್ಡ್ ಯಾವುದಂತ ಎಲ್ಲಿ ನೋಡ್ದಿ?” ಅಂದ ಭಾಯ್.

“ಡಬ್ಬಿ ಮ್ಯಾಲ.”

“ಯಾರ ಡಬ್ಬಿ?”

“ನಮ್ ಭಾವಂದು. ಇಬ್ರದೂ ಒಂದೇ ಬೋರ್ಡ್ ಅಂದಿದ್ದ.”

ಭಾಯ್ ಬಾಜೂ ಮುಚ್ಚಳ ತೆಗೆದು ಊದಿದ. ತೊಗರಿ ರಾಶಿ ತೂರಿದಂಗ ಧೂಳ ಎದ್ತು. ಸ್ಲಾಟುಗಳ ನಡುವ ಬಿಳೀ ಅಕ್ಷರದಾಗ ಮಾಡೆಲ್ ಹೆಸರು, ಭಾವ ಹೇಳಿದ್ದೇ. ಮೂಲ್ಯಾಗ ಇರಿವಿ ಹೆಜ್ಜಿಯಷ್ಟು ಸಣ್ಣಗ: ರೆವ್ 2.0, ಅಂದ್ರ ಅದೇ ಮಾಡೆಲಿನ ಎರಡ್ನೇ ಆವೃತ್ತಿ.

“ನೀ ಹಾಕಿದ್ದು?”

“1.0ದ್ದು. ಫ್ಲ್ಯಾಶ್ ಮಾಡೋ ಪ್ರೋಗ್ರಾಮ್ ಒಲ್ಲೆ ಅಂತು. ನಾ ಜಬರ್ದಸ್ತಿ ಮಾಡ್ದೆ.”

“ಗೌಡಾ, ಪಹಣಿ ನೋಡಾಂವ ನೀ! ಸರ್ವೇ ನಂಬರ್ ಬರೋಬರಿ ಅದ, ಹಿಸ್ಸಾ ತಪ್ಯಾದ. ಮಂದಿ ಹೊಲ ಬಿತ್ತಿ ಬಂದಿ. ಚಾಲೂ ಇದ್ದಾಗ ವಿಂಡೋಸಿನ್ಯಾಗ ಎಂಎಸ್‌ಇನ್‌ಫೋ32 ಹೊಡ್ದು ಬೇಸ್‌ಬೋರ್ಡ್ ಸಾಲಿನ್ಯಾಗ ಬೋರ್ಡಿನ ಮಾಹಿತಿಯರ ನೋಡ್ಬೇಕಿಲ್ಲೋ?”

ಮಾಸ್ತರ್ರಿಗೆ ಇತಿಹಾಸ ನೆನಪಾತು. “1999ರ ಏಪ್ರಿಲ್ 26ಕ್ಕ ಸಿಐಎಚ್ ವೈರಸ್ ಎಷ್ಟೋ ಬಯೋಸ್ ಅಳಿಸಿ ಹಾಕಿತ್ತು.”

“ಅದಕ್ಕ ವೈರಸ್ ಬೇಕಾಗಿತ್ರಿ. ಇಲ್ಲಿ ಗೌಡ ಒಬ್ನೇ ಸಾಕಾದ” ಅಂದೆ ನಾ.

ಭಾಯ್ ಕರೆಂಟ್ ವೈರ್ ಕಿತ್ತಿ, ಸೆಲ್ ತೆಗೆದು, ಬಯೋಸ್ ಇರೋ ಎಂಟ್ ಕಾಲಿನ ಚಿಪ್ ಹುಡುಕಿದ. ಮ್ಯಾಲ 25ಕ್ಯೂ64 ಅಂತ ಇತ್ತು.

“64 ಎಂಬಿ?” ಗೌಡನ ಕಣ್ಣು ಅರಳಿದ್ವು.

“ಮೆಗಾಬಿಟ್. ಎಂಟರಿಂದ ಭಾಗಿಸು. 8 ಎಂಬಿ.”

ಚಿಪ್ಪಿನ ಚುಕ್ಕಿ ಕಡಿ ಕೆಂಪು ವೈರ್ ಬರಂಗ ಕ್ಲಿಪ್ ಕಚ್ಚಿಸಿ, ಚಿಪ್ ಓದಿ ಬರಿಯೋ ಸಿಎಚ್341ಎ ಪ್ರೋಗ್ರಾಮರ್ ಅನ್ನೋ ಸಾಧನ ಲ್ಯಾಪ್‌ಟಾಪಿಗೆ ಚುಚ್ಚಿದ. ಎರಡ್ ಸಲ ಓದಿಸಿದ. ಎರಡೂ ಬ್ಯಾರೆ ಬ್ಯಾರೆ ಬಂದ್ವು. ಕ್ಲಿಪ್ ಸರಿ ಕುಂತಿಲ್ಲ. ಒತ್ತಿ ಕೂಡಿಸಿದ್ಮ್ಯಾಲ ಎರಡೂ ಒಂದಕ್ಕೊಂದು ಹೊಂದಿದ್ವು. ಆಮ್ಯಾಲ 2.0ದ ಫೈಲ್ ಬರೀಲಿಕ್ಕ ಹಚ್ಚಿದ.

ಅರ್ಧಕ್ಕ ಕರೆಂಟ್ ಹೋತು.

ಗೌಡ “ಯಪ್ಪಾ, ಶರಣಬಸಪ್ಪಾ!” ಅಂತ ಚೀರಿದ. ಮಾಸ್ತರ್ರ ಭಜಿ ಚಾದಾಗ ಬಿತ್ತು. ಭಾಯ್ ಮಾತ್ರ ತಿರುಗಿನೂ ನೋಡ್ಲಿಲ್ಲ. “ಲ್ಯಾಪ್‌ಟಾಪಿಗೆ ಬ್ಯಾಟ್ರಿ ಅದ. ಫ್ಯಾನಿಗಿಲ್ಲ. ಬೀಸಣಿಕಿ ಹಿಡಿ.”

ಕರೆಂಟ್ ಬಂದ್ಮ್ಯಾಲ ಸೆಲ್ ಹಾಕಿ ಗುಂಡಿ ಒತ್ತಿದ್ರ ಮಾರಿ ಬೆಳಗ್ತು. ಸೆಲ್ ತೆಗೆದಿದ್ದಕ್ಕ ತಾರೀಖು ಮಾತ್ರ 2012ಕ್ಕ ಹೋಗಿ ಕುಂತಿತ್ತು. ಭಾಯ್ ತಿದ್ಲಿಕ್ಕ ಹೋದ. ಗೌಡ ಕೈ ಹಿಡ್ದ.

“ಇರ್ಲಿ ಬಿಡೋ ಭಾಯ್. ಅವಾಗಿನ್ನಾ ನಂದು ಲಗ್ನ ಆಗಿದ್ದಿಲ್ಲ.”