ಸ್ಪಿರಿಟ್ ಹಾಕಿದ್ದು ಗಾಜಿಗೆ, ಕೈಗೆ ಅಲ್ಲ

ತಮ್ಮಾ, ನಿನ್ನ ವಾಯ್ಸ್ ಮೆಸೇಜ್ ಈಗ ಕೇಳಿದೆ. ಕೆನಡಾದ ಕ್ಯಾಲ್ಗರಿಯಲ್ಲಿ ಕಿಟಕಿ ತೊಳೆಯುವ ಕೆಲಸಕ್ಕೆ ಸೇರಿದ್ದೀಯ. ಅವತ್ತು ಮೈನಸ್ 12 ಇತ್ತು, ನೀರು ಗಾಜಿಗೆ ಹಚ್ಚಿದ ಕೂಡಲೇ ಐಸ್ ಆಗುತ್ತಿತ್ತು. ಫೋರ್‌ಮನ್ ಬಕೆಟ್ಟಿಗೆ ಸ್ಪಿರಿಟ್, ಅಂದರೆ ಆಲ್ಕೋಹಾಲ್, ಹಾಕಿಕೊಟ್ಟ ಮೇಲೆ ಗಾಜು ಚೆನ್ನಾಗಿ ಬಂತು. ಆದರೆ ಸಂಜೆ ಬಲಗೈಯ ಬೆರಳ ತುದಿ ಬೆಳ್ಳಗಾಗಿ ಮರಗಟ್ಟಿತ್ತು ಅಂದೆ. ನಮ್ಮ ಮನೆಯ ಗ್ರೂಪಿನಲ್ಲಿ ಆ ಮೆಸೇಜಿನ ಕೆಳಗೆ ಗೋಕಾಕದ ಅಕ್ಕ ಬೆಳ್ಳುಳ್ಳಿ ಎಣ್ಣೆ ಕಾಸಿ ಜೋರಾಗಿ ತಿಕ್ಕು ಅಂದಿದ್ದಾಳೆ. ವೈನಿ ಕೆಲಸ ಬಿಟ್ಟು ಮನೆಗೆ ಬಾ ಅಂದಿದ್ದಾರೆ. ನಾನು ಅದೇ ಊರಿನಲ್ಲಿ ಅದೇ ಕೆಲಸ ಮಾಡಿ ಬೆಳಗಾವಿಗೆ ಬಂದವನು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೊದಲು ಕೈ. ಅಕ್ಕಾ, ನಿನ್ನ ಪ್ರೀತಿ ಗೊತ್ತು, ಆದರೆ ತಿಕ್ಕುವುದು ಬೇಡ. ಚರ್ಮದೊಳಗೆ ಐಸ್ ಆಗಿದ್ದರೆ ತಿಕ್ಕಿದಷ್ಟೂ ಗಾಯ ಜಾಸ್ತಿ. ಹೀಟರ್ ಮುಂದೆ, ಗ್ಯಾಸ್ ಮುಂದೆ ಹಿಡಿಯುವುದೂ ಬೇಡ. ಬೆರಳಿಗೆ ಸ್ಪರ್ಶ ಇರುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಹಾಗೆ ಆದಾಗ ಒಳಗೆ ಹೋಗಿ, ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಇಡಬೇಕು. 37ರಿಂದ 39 ಡಿಗ್ರಿ ಸಾಕು. ನೀರಿನ ಬಿಸಿ ನೋಡುವುದು ಮೊಣಕೈಯಿಂದ, ಬೆರಳಿನಿಂದ ಅಲ್ಲ. ಬಣ್ಣ ವಾಪಸ್ ಬರುವಾಗ ಚುಚ್ಚುತ್ತದೆ, ಉರಿಯುತ್ತದೆ. ಅದಕ್ಕೆ ಹೆದರಬೇಡ. ಇನ್ನೊಂದು ಮಾತು, ಬೆಚ್ಚಗೆ ಮಾಡಿದ ಕೈಯನ್ನು ಮತ್ತೆ ಅದೇ ಥಂಡಿಗೆ ಒಡ್ಡಿದರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಅದಕ್ಕೇ ನಾಳೆ ರಜೆ ಹಾಕು. ಗುಳ್ಳೆ ಬಂದರೆ, ಇಲ್ಲವೇ ತುದಿ ಇನ್ನೂ ಮೇಣದ ಹಾಗೆ ಗಟ್ಟಿಯಾಗಿದ್ದರೆ, ಕಾಯಬೇಡ, ಡಾಕ್ಟರ್ ಹತ್ತಿರ ಹೋಗು. ಅನುಮಾನ ಇದ್ದರೆ ಈಗಲೇ 811ಕ್ಕೆ ಫೋನ್ ಮಾಡು. ನೀನಿರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಅದು ರಾತ್ರಿಯೂ ಇರುತ್ತದೆ, ನರ್ಸ್ ಮಾತಾಡುತ್ತಾರೆ.

ಈಗ ಇದು ಯಾಕೆ ಆಯಿತು ಕೇಳು. ನೀನು ಥಂಡಿಯನ್ನು ಬೈಯುತ್ತಿದ್ದೀಯ. ಆ ಬಕೆಟ್ಟನ್ನು ನೋಡು. ಬರೀ ನೀರು ಇದ್ದರೆ ಅದು ಸೊನ್ನೆ ಡಿಗ್ರಿಗೆ ಐಸ್ ಆಗಿ ನಿಲ್ಲುತ್ತದೆ. ದ್ರವವಾಗಿ ಅದಕ್ಕಿಂತ ಕೆಳಗೆ ನಿನ್ನ ಕೈಗೆ ಬರುವುದಿಲ್ಲ. ಸ್ಪಿರಿಟ್ ಹಾಕಿದರೆ ಅದು ಮೈನಸ್ ಐದಕ್ಕೆ, ಹತ್ತಕ್ಕೆ ಇಳಿದರೂ ನೀರಾಗಿಯೇ ಇರುತ್ತದೆ. ನೀನು ಅದರಲ್ಲೇ ಕೈ ಅದ್ದುತ್ತೀಯ! ಮೇಲಾಗಿ ಸ್ಪಿರಿಟ್ ಬೇಗ ಆರುತ್ತದೆ, ಆರುವಾಗ ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಒದ್ದೆ ಕೈ ಒಣ ಕೈಗಿಂತ ಎಷ್ಟೋ ಪಟ್ಟು ಬೇಗ ತಣ್ಣಗಾಗುತ್ತದೆ. ಬಕೆಟ್ ಐಸ್ ಆಗಲಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂತ ಹುಡುಗರು ತಿಳಿಯುತ್ತಾರೆ. ಅಲ್ಲೇ ಮೋಸ ಆಗುವುದು. ಸ್ಪಿರಿಟ್ ಗಾಜನ್ನು ಕಾಯುತ್ತದೆ, ನಿನ್ನ ಬೆರಳನ್ನು ಕಾಯುವುದಿಲ್ಲ.

ಸ್ಪಿರಿಟ್ ಹಾಕಬೇಡ ಅನ್ನುತ್ತಿಲ್ಲ. ಸೊನ್ನೆಗಿಂತ ಕೆಳಗೆ ಅದಿಲ್ಲದೆ ಕೆಲಸ ಆಗುವುದೇ ಇಲ್ಲ. ಎಷ್ಟು ಬೇಕೋ ಅಷ್ಟೇ ಹಾಕು. ಗಾಜಿನ ಮೂಲೆಯಲ್ಲಿ ಹಚ್ಚಿ ನೋಡು, ಐಸ್ ಹಿಡಿದರೆ ಇನ್ನಷ್ಟು ಸೇರಿಸು. ಕೆಲವರು ಕಾರಿನ ಗಾಜಿಗೆ ಹಾಕುವ ನೀಲಿ ದ್ರವವನ್ನೇ ಸುರಿಯುತ್ತಾರೆ. ಚಳಿಗಾಲದ ಆ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಮೆಥನಾಲ್ ಇರುತ್ತದೆ, ಅದು ವಿಷ. ಬರಿಗೈಯಲ್ಲಿ ಮುಟ್ಟಬೇಡ, ಮುಚ್ಚಿದ ವ್ಯಾನಿನೊಳಗೆ ಬೆರೆಸಬೇಡ, ಬೆಂಕಿಯ ಹತ್ತಿರ ಇಡಬೇಡ. ಹಳೆ ನೀರಿನ ಬಾಟಲಿಗೆ ತುಂಬಿ ಇಡುವುದಂತೂ ಬೇಡವೇ ಬೇಡ, ಯಾರಾದರೂ ಕುಡಿದಾರು.

ಕುದಿಯುವ ನೀರು ಒಯ್ಯಲಾ ಅಂತ ಕೇಳಿದ್ದೀಯ. ಬೇಡ. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಬಿದ್ದರೆ ಒಡೆಯಬಹುದು. ಮೊದಲೇ ಸಣ್ಣ ಬಿರುಕು ಇದ್ದರಂತೂ ಖಂಡಿತ ಅಪಾಯ. ಉಗುರು ಬೆಚ್ಚಗಿರಲಿ ಸಾಕು.

ಕೈಗವಸಿನ ವಿಷಯದಲ್ಲಿ ದುಡ್ಡು ನೋಡಬೇಡ. ಒಳಗೆ ತೆಳು ಉಣ್ಣೆಯದು, ಮೇಲೆ ನೀರು ಇಳಿಯದ ನಿಯೋಪ್ರೀನ್ ಅಥವಾ ಉದ್ದ ತೋಳಿನ ರಬ್ಬರಿನದು. ಒಳಗಿನ ಜೋಡಿ ಒದ್ದೆಯಾದ ಕ್ಷಣ ಬದಲಿಸು. ಬದಲಿ ಜೋಡಿಗಳು ಬ್ಯಾಗಿನಲ್ಲಿ ಅಲ್ಲ, ಜಾಕೆಟ್ಟಿನ ಒಳಜೇಬಿನಲ್ಲಿ ಮೈಗೆ ತಾಗಿ ಇರಲಿ. ವೈಪರಿನ ರಬ್ಬರ್ ಪಟ್ಟಿಯನ್ನೂ ಒಂದು ಅಲ್ಲೇ ಇಟ್ಟುಕೋ. ಥಂಡಿಗೆ ರಬ್ಬರ್ ಗಟ್ಟಿಯಾಗಿ ಗಾಜಿನ ಮೇಲೆ ಗೆರೆ ಬಿಡುತ್ತದೆ, ನೀನು ಸುಮ್ನೆ ಮತ್ತೆ ಮತ್ತೆ ಎಳೆಯುತ್ತಾ ಹೊರಗೇ ನಿಂತಿರುತ್ತೀಯ.

ನೀರು ಕಡಿಮೆ ಹಚ್ಚುವುದನ್ನು ಕಲಿ. ನಮ್ಮ ಕಡೆ ಬಕೆಟ್ ಸುರಿದು ತೊಳೆದರೇ ತೊಳೆದ ಹಾಗೆ, ಅಲ್ವಾ. ಅಲ್ಲಿ ಹಾಗಲ್ಲ. ಅರಿವೆಯನ್ನು ಚೆನ್ನಾಗಿ ಹಿಂಡಿ, ಒಂದೇ ಗಾಜಿಗೆ ಹಚ್ಚಿ, ತಕ್ಷಣ ವೈಪರ್ ಎಳೆದು, ಅಂಚು ಒರೆಸಿ ಮುಂದೆ ಹೋಗು. ಇದು ಕೈಗಷ್ಟೇ ಅಲ್ಲ, ಕಾಲಿಗೂ ಬೇಕು. ತೊಟ್ಟಿಕ್ಕುವ ನೀರು ಬೀಳುವುದು ನಿನ್ನ ನಿಚ್ಚಣಿಕೆಯ ಬುಡಕ್ಕೆ. ನೀನು ಹತ್ತುವಾಗ ಒಣ ನೆಲ, ಇಳಿಯುವಾಗ ಐಸ್. ಅದನ್ನು ಮಾಡಿದವನು ನೀನೇ ಆಗಿರುತ್ತೀಯ. ದಾರಿಹೋಕರೂ ಅದರ ಮೇಲೇ ನಡೆಯುತ್ತಾರೆ. ಒರೆಸಿ, ಮರಳು ಹಾಕಿ ಬಾ. ಉಪ್ಪು ಸ್ವಲ್ಪ ಥಂಡಿಗೆ ಸರಿ, ಮೈನಸ್ ಹತ್ತರ ಕೆಳಗೆ ಸಾಮಾನ್ಯ ಉಪ್ಪು ಹೆಚ್ಚೇನೂ ಕೆಲಸ ಮಾಡುವುದಿಲ್ಲ.

ನಿಚ್ಚಣಿಕೆಯನ್ನು ಐಸ್ ಮೇಲೆ ಇಡಲೇಬೇಡ. ಕೆರೆದು ನೆಲ ಕಾಣಿಸಿದ ಮೇಲೆ ಇಡು. ನಾಲ್ಕು ಅಡಿ ಎತ್ತರಕ್ಕೆ ಅದರ ಬುಡ ಗೋಡೆಯಿಂದ ಒಂದು ಅಡಿ ಹೊರಗೆ, ಅದು ಬೇಸಿಗೆಗೂ ಇದೇ. ಹತ್ತುವ ಮೊದಲು ಬೂಟಿನ ತಳದ ಹಿಮ ಕುಟ್ಟಿ ಉದುರಿಸು, ಮೆಟ್ಟಿಲುಗಳನ್ನು ಒರೆಸು. ಮೇಲೆ ಸೂರಿನಿಂದ ಐಸ್ ಕಡ್ಡಿಗಳು ಜೋತಿದ್ದರೆ ಆ ಕಿಟಕಿ ಅವತ್ತು ಬೇಡ. ಮತ್ತೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ: ಪ್ರತಿ ಸಲ ಹತ್ತುವ ಮೊದಲು ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡು. ಮುಟ್ಟಿಸಲು ಕಷ್ಟವಾದರೆ ಹತ್ತಬೇಡ. ಬೆರಳು ಮಾತು ಕೇಳದಿದ್ದರೆ ಹಿಡಿತವೂ ಇಲ್ಲ. ಮರಗಟ್ಟಿದ ಬೆರಳು ಒಂದು ಕಷ್ಟ, ಆ ಬೆರಳಿನಿಂದ ಎರಡನೇ ಮಹಡಿಯ ಎತ್ತರದಲ್ಲಿ ನಿಚ್ಚಣಿಕೆ ಹಿಡಿಯುವುದು ಬೇರೆಯೇ ಕಷ್ಟ. ಜೊತೆಗಿರುವವನನ್ನೂ ನೋಡುತ್ತಿರು. ಅವನ ಮಾತು ತೊದಲಿದರೆ, ಸಾಮಾನು ಕೈಜಾರಿ ಬೀಳುತ್ತಿದ್ದರೆ, ಮೈಯೊಳಗೇ ಥಂಡಿ ಹೊಕ್ಕಿದೆ ಅಂತ ಅರ್ಥ. ಒಳಗೆ ಕರೆದುಕೊಂಡು ಹೋಗು, ಸಹಾಯಕ್ಕೆ ಕರೆ.

ಬೆಳಗ್ಗೆ ಆ್ಯಪ್ ನೋಡುವಾಗ ಬರೀ ಡಿಗ್ರಿ ನೋಡಬೇಡ, ವಿಂಡ್ ಚಿಲ್ ನೋಡು, ಅಂದರೆ ಗಾಳಿಯೂ ಸೇರಿ ಮೈಗೆ ತಟ್ಟುವ ಥಂಡಿ. ಮೈನಸ್ 10 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಅದು ಮೈನಸ್ 20ರ ಹಾಗೆ. ವಿಂಡ್ ಚಿಲ್ ಮೈನಸ್ 28 ದಾಟಿದರೆ ಬರಿ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಅದು ಒಣ ಚರ್ಮದ ಲೆಕ್ಕ, ನಿನ್ನದು ಒದ್ದೆ ಕೆಲಸ. ಮಧ್ಯಾಹ್ನ ಬಿಸಿಲು ಬೀಳುವ ದಕ್ಷಿಣದ ಗೋಡೆ ಮೊದಲು ಹಿಡಿ. ಬೇಸಿಗೆಯಲ್ಲಿ ಬಿಸಿಲಿನ ಗಾಜಿನಿಂದ ತಪ್ಪಿಸಿಕೊಳ್ಳುತ್ತೇವೆ, ಚಳಿಗಾಲದಲ್ಲಿ ಅದನ್ನೇ ಹುಡುಕಿಕೊಂಡು ಹೋಗಬೇಕು.

ಚಿನೂಕ್ ಗಾಳಿಯ ಬಗ್ಗೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಖಾನಾಪುರದ ಕಡೆ ಘಟ್ಟದಲ್ಲಿ ಮಳೆ ಸುರಿದು ಬಾಗಲಕೋಟೆಗೆ ಬರುವಷ್ಟರಲ್ಲಿ ಗಾಳಿ ಒಣಗಿರುತ್ತದಲ್ಲ, ಹಾಗೆಯೇ ರಾಕಿ ಬೆಟ್ಟಗಳ ಆ ಕಡೆ ನೀರೆಲ್ಲ ಬಿಟ್ಟು ಈ ಕಡೆ ಇಳಿಯುವ ಗಾಳಿ ಅದು. ಇಳಿಯುತ್ತಾ ಬಿಸಿಯಾಗುತ್ತದೆ. ಪಶ್ಚಿಮದಲ್ಲಿ ಕಮಾನಿನ ಹಾಗೆ ಮೋಡ ಕಂಡರೆ ಬಂತು ಅಂತ ತಿಳಿ. ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರಿದರೂ ಆಶ್ಚರ್ಯ ಇಲ್ಲ. ಎಲ್ಲ ಮಾಲೀಕರೂ ಅವತ್ತೇ ಕೆಲಸ ತುಂಬುತ್ತಾರೆ, ಸರಿಯೇ. ಆದರೆ ಗಾಳಿ ಜೋರಿದ್ದರೆ ನಿಚ್ಚಣಿಕೆ ನಿಲ್ಲುವುದಿಲ್ಲ. ಮರುದಿನ ಬೆಳಗ್ಗೆಯೂ ಹುಷಾರು. ಹಗಲು ಕರಗಿದ ನೀರು ರಾತ್ರಿ ತೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಬರೀ ಒದ್ದೆ ಡಾಂಬರಿನ ಹಾಗೆ ಕಾಣುತ್ತದೆ.

ಫೋರ್‌ಮನ್‌ಗೆ ಹೇಳಲು ಹೆದರಿಕೆ ಅಂದೆ. ಹೊಸ ಹುಡುಗ, ಪರದೇಶ, ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಅಪಾಯ ಇರುವ ಕೆಲಸವನ್ನು ಬೇಡ ಅನ್ನುವ ಹಕ್ಕು ಕಾನೂನಿನಲ್ಲೇ ಇದೆ. ಅದಕ್ಕಾಗಿ ಶಿಕ್ಷೆ ಕೊಡುವ ಹಾಗಿಲ್ಲ. ಜಗಳ ಮಾಡಬೇಡ. "ಕೈ ಮರಗಟ್ಟತೊಡಗಿದೆ, ಹತ್ತು ನಿಮಿಷ ಒಳಗೆ ಬೆಚ್ಚಗೆ ಮಾಡಿಕೊಂಡು ಬರುತ್ತೇನೆ" ಅನ್ನು, ಸಾಕು. ಈ ಬೆರಳಿನದನ್ನೂ ಮುಚ್ಚಿಡಬೇಡ, ಕೆಲಸದಲ್ಲಿ ಆದ ಗಾಯ ಅಂತ ಬರವಣಿಗೆಯಲ್ಲಿ ಕೊಡು. ಮುಂದೆ ಏನಾದರೂ ಆದರೆ ಪರಿಹಾರಕ್ಕೆ ಅದೇ ಆಧಾರ.

ವೈನಿ, ನೀವು ಅಳಬೇಡಿ. ಕೆಲಸ ಬಿಡುವ ಮಾತು ಈಗಲೇ ಬೇಡ. ಆದರೆ ಇಷ್ಟೆಲ್ಲ ಹೇಳಿದ ಮೇಲೂ ಆ ಕಂಪನಿ ಒಳಗೆ ಬಿಡುವು ಕೊಡದಿದ್ದರೆ, ನಾನೇ ಅವನಿಗೆ ಬಿಡು ಅನ್ನುತ್ತೇನೆ. ಪಾರ್ಸಲ್ಲಿಗೆ ಕಾಟನ್ ಬನಿಯನ್ ಹಾಕಬೇಡಿ, ಬೆವರು ಹೀರಿ ಮೈಗೆ ಅಂಟಿ ತಣ್ಣಗಾಗುತ್ತದೆ. ಉಣ್ಣೆಯದೇ ಹಾಕಿ. ಕಾಲುಚೀಲವೂ ಉಣ್ಣೆಯದೇ ಇರಲಿ, ಆದರೆ ಬೂಟು ಬಿಗಿಯಾಗುವಷ್ಟು ದಪ್ಪ ಬೇಡ, ಬಿಗಿದರೆ ರಕ್ತ ಓಡುವುದಿಲ್ಲ. ಕರದಂಟು ಜಾಸ್ತಿ ಇಡಿ, ಥಂಡಿಯಲ್ಲಿ ದುಡಿದರೆ ಹಸಿವು ಬಹಳ. ತಮ್ಮಾ, ನೀನು ಈಗ ಮೊದಲು ಆ ಕೈಯ ಫೋಟೋ ತೆಗೆದು ನನಗೆ ಕಳಿಸು, ಬೆಳಕಿನಲ್ಲಿ, ಎರಡೂ ಬದಿ.