ಹಳೇ ಹಾರ್ಡ್ ಡಿಸ್ಕ್ ಒಳಗೇ ಹಾಕೋದಾ, ಯುಎಸ್‌ಬಿ ಕನ್ವರ್ಟರ್ ತಗೊಳ್ಳೋದಾ? ಮಾಡಿದವರು ಅನುಭವ ಹೇಳಿ

ಶಿವಮೊಗ್ಗ ಡಿಟಿಪಿ: ಹಳೇ ಡೆಸ್ಕ್‌ಟಾಪ್ ಮದರ್‌ಬೋರ್ಡ್ ಹೋಯ್ತು. ಡಿಸ್ಕ್ 500 ಜಿಬಿ, ಮೂರೂವರೆ ಇಂಚು, ಸಾಟಾ (ಡಿಸ್ಕ್ ಜೋಡಿಸೋ ಮಾಮೂಲಿ ಕನೆಕ್ಷನ್), ವಿಂಡೋಸ್ 7. ಲಗ್ನಪತ್ರಿಕೆ ಡಿಸೈನು, ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲು ಎಲ್ಲಾ ಸೇರಿ 380 ಜಿಬಿ ಇದೆ. ಹೊಸ ಕಂಪ್ಯೂಟರ್ ವಿಂಡೋಸ್ 11, ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡಿಗೇ ಚುಚ್ಚೋ ಡಿಸ್ಕ್). ಯಾವುದು ಸಲೀಸು?

ಸ್ಕ್ರೂಡ್ರೈವರ್: ಒಳಗೇ ಹಾಕಿ ಸಾರ್, ಎರಡು ಮಾತಿಲ್ಲ. ಡೇಟಾ ಕೇಬಲ್ 70 ರೂಪಾಯಿ, ಸ್ಕ್ರೂ ನಾಲ್ಕು, ಮುಗೀತು. ಸ್ಕ್ರೂ ಮಾತ್ರ ಗಮನ ಇರಲಿ: ಮೂರೂವರೆ ಇಂಚಿನದಕ್ಕೆ ದಪ್ಪ ಮರೆ (ಸ್ಕ್ರೂ ಮೇಲಿನ ತಿರುಪು) ಇರೋದು, ಎರಡೂವರೆ ಇಂಚಿನದಕ್ಕೆ ಸಣ್ಣ ಎಂ3. ದಪ್ಪದ್ದನ್ನ ಎರಡೂವರೆ ಇಂಚಿನ ಎಸ್‌ಎಸ್‌ಡಿಗೆ ತಿರುಗಿಸಿದ್ರೆ ಮರೆ ಹಾಳು. ಎಂ.2 ಹಾಕಿದ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್ ಕೆಲಸ ಮಾಡಲ್ಲ. ಡಿಸ್ಕ್ ಕಾಣ್ಲಿಲ್ಲ ಅಂದ್ರೆ ಪೋರ್ಟ್ ಬದಲಾಯಿಸಿ ನೋಡಿ, ಡಿಸ್ಕ್ ಸತ್ತಿದೆ ಅಂತ ಅಳ್ಬೇಡಿ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಬೂಟ್ ಆರ್ಡರ್, ಅಂದ್ರೆ ಯಾವ ಡಿಸ್ಕಿಂದ ಮೊದಲು ಶುರುವಾಗಬೇಕು ಅನ್ನೋದು, ಸರಿಮಾಡಿಕೊಳ್ಳಿ, ಇಲ್ಲಾಂದ್ರೆ ಹಳೇ ವಿಂಡೋಸ್ ಎದ್ದು ಕೂರುತ್ತೆ.

ಬೂದಿಮುಚ್ಚಿದಕೆಂಡ: ಹಳೇ ವಿಂಡೋಸ್ ಹೇಗ್ರೀ ಏಳುತ್ತೆ? ಅದು ಎಂಬಿಆರ್ (ಹಳೇ ಬೂಟ್ ಪದ್ಧತಿ) ಡಿಸ್ಕು, ಹೊಸದು ಯುಇಎಫ್‌ಐ (ಹೊಸ ಪದ್ಧತಿ). ಹಳೇ ಪದ್ಧತಿಗೆ ಹೊಂದಿಸೋ ಸಿಎಸ್‌ಎಂ ಆಫ್ ಇದ್ರೆ ಅದರ ಕಡೆ ತಿರುಗಿಯೂ ನೋಡಲ್ಲ. ಓದಿಕೊಂಡು ಬರೀರಿ.

ಸ್ಕ್ರೂಡ್ರೈವರ್: ಸಿಎಸ್‌ಎಂ ಆನ್ ಇದ್ರೆ? ಅದನ್ನ ನೋಡಿಕೊಳ್ಳಿ ಅಂತಾನೇ ಹೇಳಿದ್ದು.

ಹನ್ನೆರಡು ವೋಲ್ಟು: ಕೇಸ್ ಬಿಚ್ಚೋಕೆ ಕೈ ನಡುಗೋರಿಗೆ ಕನ್ವರ್ಟರ್ರೇ ವಾಸಿ, ಆದ್ರೆ ಸರಿಯಾದದ್ದು ತಗೊಳ್ಳಿ. 350 ರೂಪಾಯಿ ಕೇಬಲ್ ಎರಡೂವರೆ ಇಂಚಿಗೆ ಮಾತ್ರ, ಅದಕ್ಕೆ 5 ವೋಲ್ಟ್ ಸಾಕು. ಮೂರೂವರೆ ಇಂಚಿನದರ ಮೋಟಾರ್‌ಗೆ 12 ವೋಲ್ಟ್ ಬೇಕು, ಅದು ಯುಎಸ್‌ಬಿಯಲ್ಲಿ ಬರಲ್ಲ. ನಾನು ತೆತ್ತದ್ದು: ಮೊದಲು 350 ದಂಡ, ಆಮೇಲೆ 12 ವೋಲ್ಟ್ 2 ಆಂಪ್ ಅಡಾಪ್ಟರ್ ಜೊತೆ ಬರೋದು 1,150, ಕೊರಿಯರ್ 60. ಒಟ್ಟು 1,560. ನೀಲಿ (ಯುಎಸ್‌ಬಿ 3) ಪೋರ್ಟಿಗೇ ಚುಚ್ಚಿ. ಯುಎಸ್‌ಬಿ 2 ಅಂದ್ರೆ ಸೆಕೆಂಡಿಗೆ 35 ಎಂಬಿ ದಾಟಲ್ಲ, 380 ಜಿಬಿಗೆ ಮೂರು ಗಂಟೆ ಹಿಡಿಯುತ್ತೆ. ಯುಎಸ್‌ಬಿ 3 ಆದ್ರೆ ಡಿಸ್ಕ್ ಓಡೋ ವೇಗವೇ ಲೆಕ್ಕ.

ಸ್ಕ್ರೂಡ್ರೈವರ್: 70 ರೂಪಾಯಿ ಕೆಲಸಕ್ಕೆ 1,560. ಶಹಬ್ಬಾಸ್.

ಹನ್ನೆರಡು ವೋಲ್ಟು: ಅದು ಇನ್ನೂ ಹತ್ತು ಡಿಸ್ಕಿಗೆ ಆಗುತ್ತೆ ಸ್ವಾಮಿ.

ಸುಟ್ಟವಾಸನೆ: ಕೇಬಲ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ವಲ್ಲ. ಎಸ್‌ಎಂಪಿಎಸ್‌ನಲ್ಲಿ (ಕರೆಂಟ್ ಕೊಡೋ ಡಬ್ಬಿ) ಸಾಟಾ ಪವರ್ ಉಳಿದಿಲ್ಲ ಅಂತ ಮೊಲೆಕ್ಸ್ (ಹಳೇ ನಾಲ್ಕು ಪಿನ್ ಪವರ್ ಕನೆಕ್ಟರ್) ಕನ್ವರ್ಟರ್ ಹಾಕ್ತೀರಲ್ಲ, ವೈರ್ ಮೇಲೇ ಪ್ಲಾಸ್ಟಿಕ್ ಎರಕ ಹೊಯ್ದಿರೋದನ್ನ ಮುಟ್ಟಬೇಡಿ. ಒಳಗೆ ವೈರ್ ಸರಿದು ಒಂದಕ್ಕೊಂದು ತಗಲಿದ್ರೆ ಕನೆಕ್ಟರ್ ಕರಗುತ್ತೆ. ಪಿನ್ ಒಂದೊಂದಾಗಿ ಒತ್ತಿ ಕೂರಿಸಿರೋದು ತಗೊಳ್ಳಿ. ಇನ್ನೊಂದು: ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೋ ಥರದ) ಎಸ್‌ಎಂಪಿಎಸ್ ಆದ್ರೆ ಬೇರೆ ಕಂಪನಿ ಕೇಬಲ್ ಚುಚ್ಚಲೇಬೇಡಿ. ಡಿಸ್ಕ್ ಕಡೆ ಒಂದೇ ಥರ, ಎಸ್‌ಎಂಪಿಎಸ್ ಕಡೆ ಪಿನ್ ಕ್ರಮ ಬೇರೆ. 5 ವೋಲ್ಟ್ ತಂತಿಗೆ 12 ಬಂತೋ, ಡಿಸ್ಕ್ ಬೋರ್ಡ್ ಸುಟ್ಟಹಾಗೇ. ನನ್ನ 2 ಟಿಬಿ ಡಿಸ್ಕ್ ಹೀಗೇ ಹೋಯ್ತು, ರಿಕವರಿಯವನು 14,000 ಕೇಳಿದ. ಅಂಗಡಿಯವನು ಮಾತ್ರ ‘ಎಲ್ಲಾ ಒಂದೇ ಸಾರ್’ ಅಂದಿದ್ದ.

ಬೂದಿಮುಚ್ಚಿದಕೆಂಡ: ಮೊಲೆಕ್ಸ್ ಕೆಟ್ಟದ್ದು ಅಂತ ಸಾರಾಸಗಟಾಗಿ ಹೇಳ್ಬೇಡಿ. ಎಕ್ಸ್‌ಟರ್ನಲ್ ಡ್ರೈವ್ ಡಬ್ಬಿಯಿಂದ ಬಿಚ್ಚಿದ ಕೆಲವು ದೊಡ್ಡ ಡಿಸ್ಕ್‌ಗಳು ಸಾಟಾ ಪವರ್‌ನಲ್ಲಿ ತಿರುಗೋದೇ ಇಲ್ಲ. ಮೂರನೇ ಪಿನ್‌ಗೆ 3.3 ವೋಲ್ಟ್ ಬಂದ್ರೆ ‘ಮಲಗು’ ಅಂತ ಅರ್ಥ ಅದಕ್ಕೆ. ಮೊಲೆಕ್ಸ್‌ನಲ್ಲಿ 3.3 ಇಲ್ಲ, ಅದಕ್ಕೇ ಎದ್ದೇಳುತ್ತೆ.

ಸುಟ್ಟವಾಸನೆ: ಅವರದು 500 ಜಿಬಿ ಹಳೇ ಡಿಸ್ಕು! ಅದಕ್ಕೂ ಇದಕ್ಕೂ ಏನ್ ಸಂಬಂಧ?

ಕಪ್ಪುಪರದೆ: ನಿಜವಾದ ಗೋಳು ಶುರುವಾಗೋದು ಡಿಸ್ಕ್ ಕಂಡಮೇಲೆ. ‘ಫಾರ್ಮ್ಯಾಟ್ ಮಾಡಬೇಕು’, ‘ಇನಿಷಿಯಲೈಸ್ ಮಾಡಿ’ ಅಂತ ಕೇಳಿದ್ರೆ ಕ್ಯಾನ್ಸಲ್. ಡ್ರೈವ್ ಅಕ್ಷರ ಇಲ್ಲ ಅಂದ್ರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅಕ್ಷರ ಕೊಡಿ. ಹಳೇ ಯೂಸರ್ ಫೋಲ್ಡರ್ ತೆರೆದ್ರೆ ಅನುಮತಿ ಇಲ್ಲ ಅನ್ನುತ್ತೆ. ಅಲ್ಲಿ ಕಂಟಿನ್ಯೂ ಒತ್ತಿದ್ರೆ ಪ್ರತಿ ಫೈಲಿನ ಪರ್ಮಿಷನ್ ತಿದ್ದುತ್ತಾ ಕೂರುತ್ತೆ. ಬದಲಿಗೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೋಬೊಕಾಪಿ (ವಿಂಡೋಸ್‌ನದೇ ಕಾಪಿ ಕಮಾಂಡ್): ಸ್ಲಾಶ್ ಇ, ಸ್ಲಾಶ್ ಬಿ, ಸ್ಲಾಶ್ ಎಕ್ಸ್‌ಜೆ, ಸ್ಲಾಶ್ ಆರ್ ಕೋಲನ್ 1, ಸ್ಲಾಶ್ ಡಬ್ಲ್ಯೂ ಕೋಲನ್ 1. ಬಿ ಅಂದ್ರೆ ಪರ್ಮಿಷನ್ ದಾಟಿ ಓದುತ್ತೆ. ಎಕ್ಸ್‌ಜೆ ಇಲ್ಲದಿದ್ರೆ ‘ಅಪ್ಲಿಕೇಶನ್ ಡೇಟಾ’ ಒಳಗೆ ಅದೇ ಫೋಲ್ಡರ್ ಸುತ್ತುತ್ತಾ ಇರುತ್ತೆ. ಆರ್, ಡಬ್ಲ್ಯೂ ಹಾಕ್ದೇ ಬಿಟ್ರೆ ಕೆಟ್ಟ ಫೈಲ್ ಒಂದಕ್ಕೆ 10 ಲಕ್ಷ ಸಲ ಪ್ರಯತ್ನ, ಸಲಕ್ಕೆ 30 ಸೆಕೆಂಡ್ ಕಾಯೋದು. ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ.

ಹನ್ನೆರಡು ವೋಲ್ಟು: ಡ್ರೈವ್ ಬುಡದಿಂದಲೇ, ಅಂದ್ರೆ ಇಡೀ ಡ್ರೈವನ್ನೇ, ಕಾಪಿ ಮಾಡಿದ್ರೆ ತಲುಪಿದ ಫೋಲ್ಡರ್ ಮಾಯ ಆಗುತ್ತೆ, ಅದನ್ನ ಯಾಕೆ ಹೇಳ್ಲಿಲ್ಲ? ಹಿಡನ್, ಸಿಸ್ಟಂ ಅನ್ನೋ ಗುರುತು ಎರಡೂ ಅದಕ್ಕೆ ಅಂಟಿಕೊಳ್ಳುತ್ತೆ. ಆಟ್ರಿಬ್ ಕಮಾಂಡ್‌ನಿಂದ ತೆಗೀಬೇಕು.

ಕಪ್ಪುಪರದೆ: ಅದಕ್ಕೇ ನಾನು ಫೋಲ್ಡರ್ ಫೋಲ್ಡರ್ ಆಗಿ ಮಾಡೋದು. ಹೇಳಿಸಿಕೊಂಡು ಮಾಡಲ್ಲ.

ಒತ್ತಕ್ಷರ: ಡಿಟಿಪಿಯವರೇ, ಫೈಲ್ ಮಾತ್ರ ತಂದ್ರೆ ಪ್ರಯೋಜನ ಇಲ್ಲ. ಹಳೇ ನುಡಿ ಫೈಲು ಯುನಿಕೋಡ್ (ಎಲ್ಲಾ ಕಡೆ ಒಂದೇ ಅಕ್ಷರ ಸಂಕೇತ) ಅಲ್ಲ, ಫಾಂಟ್ ಇಲ್ಲದಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತೆ. ಹಳೇ ಡಿಸ್ಕಿನ ವಿಂಡೋಸ್ ಒಳಗಿನ ಫಾಂಟ್ಸ್‌ನಿಂದ ನುಡಿಯ ಟಿಟಿಎಫ್‌ (ಫಾಂಟ್ ಫೈಲು) ಗಳನ್ನೆಲ್ಲಾ ತಂದು ಮೊದಲು ಇನ್‌ಸ್ಟಾಲ್ ಮಾಡಿ. ಡಿಸೈನ್ ತಂತ್ರಾಂಶ ಕೋರೆಲ್ ‘ಫಾಂಟ್ ಸಿಗ್ತಿಲ್ಲ, ಬೇರೆ ಹಾಕ್ಲಾ’ ಅಂದಾಗ ಹೂಂ ಅಂದು ಸೇವ್ ಮಾಡ್ಬೇಡಿ.

ಬೂದಿಮುಚ್ಚಿದಕೆಂಡ: ಇನ್ನೂ ಆ ಕಾಲದ ಫಾಂಟಾ? ಎಲ್ಲಾ ಯುನಿಕೋಡ್‌ಗೆ ಬದಲಾಯಿಸಿ ಬಿಸಾಕಿ.

ಒತ್ತಕ್ಷರ: ಪರಿವರ್ತಕದಲ್ಲಿ ಹಾಕಿ ಅರ್ಕಾವತ್ತು, ಅಂಕಿಗಳನ್ನ ಒಂದೊಂದಾಗಿ ತಿದ್ದಿದ್ದೀರಾ? 400 ಪುಟ ತಿದ್ದಿ ಆಮೇಲೆ ಹೇಳಿ.

ಶಿವಮೊಗ್ಗ ಡಿಟಿಪಿ: ಒಳಗೇ ಹಾಕಿದೆ, ಕಾಣಿಸ್ತು. ಆದ್ರೆ ಸೆಕೆಂಡಿಗೆ 4 ಎಂಬಿ ಹೋಗ್ತಿದೆ, ನಡುವೆ ನಿಂತೂ ನಿಲ್ಲುತ್ತೆ. ಡಿಸ್ಕ್ ಹೋಯ್ತಾ?

ಸುಟ್ಟವಾಸನೆ: ಕ್ರಿಸ್ಟಲ್ ಡಿಸ್ಕ್ ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸೋ ತಂತ್ರಾಂಶ) ಹಾಕಿ. ಅದರ ಪಟ್ಟಿಯಲ್ಲಿ 05, ಸಿ5 ಸಾಲಿನ ಲೆಕ್ಕ ಏರ್ತಿದ್ರೆ ಡಿಸ್ಕಿನದೇ ತೊಂದರೆ, ಮುಖ್ಯವಾದ್ದನ್ನ ಮೊದಲು ಎಳ್ಕೊಳ್ಳಿ. ಸಿ7 ಒಂದೇ ಏರ್ತಿದ್ರೆ ಡೇಟಾ ಕೇಬಲ್ಲು.

ಶಿವಮೊಗ್ಗ ಡಿಟಿಪಿ: 05 ಸೊನ್ನೆ, ಸಿ5 ಸೊನ್ನೆ. ಸಿ7 ಬೆಳಗ್ಗೆಯಿಂದ 212 ಏರಿದೆ.

ಹನ್ನೆರಡು ವೋಲ್ಟು: 70 ರೂಪಾಯಿ ಕೇಬಲ್ಲಾ?

ಸ್ಕ್ರೂಡ್ರೈವರ್: ಲಾಕ್ ಕ್ಲಿಪ್ ಇರೋದು ತಗೊಳ್ಳಿ ಸಾರ್, 110 ಆಗುತ್ತೆ.