ಕಂಠೀರವದಲ್ಲಿ ಮೊದಲ ಸಲ ಫುಟ್‌ಬಾಲ್ ಪಂದ್ಯ: ಎಲ್ಲಿ ಕುಳಿತರೆ ಒಳ್ಳೆಯದು?

ಪ್ರಶ್ನೆ (ತುಮಕೂರಿನಿಂದ)

ಹನ್ನೊಂದು ವರ್ಷದ ಮಗನನ್ನೂ ಎಪ್ಪತ್ತು ದಾಟಿದ ತಂದೆಯವರನ್ನೂ ಬೆಂಗಳೂರು ಎಫ್‌ಸಿಯ ತವರು ಪಂದ್ಯವೊಂದಕ್ಕೆ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಟಿವಿಯಲ್ಲಿ ಕಂಡ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ನಡುವೆಯೇ ಇರಬೇಕೆಂಬುದು ಮಗನ ಹಟ. ತಂದೆಯವರಿಗೆ ಮಂಡಿನೋವು, ಆದರೆ ಅವರು ಹಿಂದೆ ಕಾರ್ಖಾನೆಯ ತಂಡದಲ್ಲಿ ಆಡಿದವರಾದ್ದರಿಂದ ಆಟ ಸರಿಯಾಗಿ ಕಾಣಬೇಕು. ಹೋಗಿ ಬಂದವರು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ವಿಜಯನಗರದಿಂದ

ಕಂಠೀರವವು ಫುಟ್‌ಬಾಲಿಗೆಂದೇ ಕಟ್ಟಿದ ಕ್ರೀಡಾಂಗಣವಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಅಥ್ಲೆಟಿಕ್ಸ್ ಅಂಗಣ ಅದು. ಹಸಿರು ಮೈದಾನಕ್ಕೂ ಮೊದಲ ಸಾಲಿನ ಆಸನಗಳಿಗೂ ನಡುವೆ ಓಟದ ಟ್ರ್ಯಾಕ್ ಸುತ್ತಿಕೊಂಡಿರುವುದರಿಂದ, ಮುಂದೆ ಕುಳಿತರೆ ಆಟಗಾರರು ಹತ್ತಿರ ಕಾಣುತ್ತಾರೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಳಗಿನ ಸಾಲುಗಳಲ್ಲಿ ಆಚೆ ಬದಿಯ ಆಟವೆಲ್ಲ ಒಂದರ ಮೇಲೊಂದು ಮಡಿಸಿಟ್ಟಂತೆ ತೋರುತ್ತದೆ. ಯಾರು ಖಾಲಿ ಜಾಗಕ್ಕೆ ಓಡಿದರು, ರಕ್ಷಣೆಯ ಸಾಲು ಎಲ್ಲಿ ಸಡಿಲವಾಯಿತು ಎಂಬುದು ತಿಳಿಯುವುದೇ ಇಲ್ಲ. ಆಡಿ ಬಲ್ಲ ನಿಮ್ಮ ತಂದೆಯವರಿಗೆ ಮಧ್ಯರೇಖೆಗೆ ಹತ್ತಿರದ, ಸ್ವಲ್ಪ ಎತ್ತರದ ಸಾಲೇ ತಕ್ಕದ್ದು. ಮೆಟ್ಟಿಲುಗಳನ್ನು ಏರಬೇಕಾಗುತ್ತದೆ ಎಂಬುದು ನಿಜ; ಬೇಗ ಹೋಗಿ ನಿಧಾನವಾಗಿ ಹತ್ತಿಸಿ.

ವೆಸ್ಟ್ ಬ್ಲಾಕ್ ಎಂಬ ಹೆಸರು ಹುಟ್ಟಿದ್ದು ಕಂಠೀರವದಲ್ಲಲ್ಲ. 2013ರಲ್ಲಿ ಆರಂಭವಾದ ಕ್ಲಬ್ಬು ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗಿನ ತನ್ನ ಮೊದಲ ಋತುವನ್ನು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿತು, ಆ ವರ್ಷವೇ ಲೀಗನ್ನು ಗೆದ್ದಿತು. ಅಲ್ಲಿಯ ಪಶ್ಚಿಮದ ಸ್ಟ್ಯಾಂಡಿನಲ್ಲಿ ಗುಂಪುಗೂಡುತ್ತಿದ್ದವರು ಆ ಹೆಸರನ್ನು ಇಟ್ಟುಕೊಂಡರು. ಮುಂದಿನ ಋತುವಿನಲ್ಲಿ ತಂಡ ಕಂಠೀರವಕ್ಕೆ ಬಂದಾಗ ಹೆಸರೂ ಜೊತೆಗೆ ಬಂತು. ಹಳೆಯ ಮೈದಾನದಲ್ಲಿ ಆಟಗಾರನ ಕೂಗು ಪ್ರೇಕ್ಷಕರಿಗೆ ಕೇಳಿಸುತ್ತಿತ್ತು. ಇಲ್ಲಿ ಟ್ರ್ಯಾಕು ತಂದಿಟ್ಟ ಅಂತರವನ್ನು ಡ್ರಮ್ಮು, ಹಾಡು, ಚಪ್ಪಾಳೆಗಳಿಂದಲೇ ದಾಟಬೇಕು. ಆ ಗುಂಪು ತೊಂಬತ್ತು ನಿಮಿಷವೂ ನಿಂತೇ ಇರುವುದು, ತಂಡ ಸೋಲುತ್ತಿದ್ದರೂ ಹಾಡು ನಿಲ್ಲಿಸದಿರುವುದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ. 2016ರ ಅಕ್ಟೋಬರಿನಲ್ಲಿ, ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲಿನ ಎರಡನೆಯ ಪಂದ್ಯ ಇಲ್ಲಿ ನಡೆದಾಗ, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಮೊದಲು ಗೋಲು ಹೊಡೆದ ಮೇಲೂ ಬೆಂಗಳೂರು 3–1ರಿಂದ ಗೆದ್ದು, ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಸುನಿಲ್ ಛೇತ್ರಿ ಎರಡು ಗೋಲು, ಹುವಾನನ್ ಒಂದು. ಗೋಲು ಬಿಟ್ಟುಕೊಟ್ಟ ಗಳಿಗೆಯಲ್ಲಿ ಆ ಸ್ಟ್ಯಾಂಡು ತಣ್ಣಗಾಗಲಿಲ್ಲ ಎಂಬುದನ್ನು ಕಂಡವರು ಇಂದಿಗೂ ಹೇಳುತ್ತಾರೆ.

ಆದ್ದರಿಂದ ಮೂವರೂ ಒಂದೇ ಕಡೆ ಕೂರಬೇಕೆಂಬ ಹಟ ಬೇಡ. ಮಗನೊಡನೆ ನೀವು ವೆಸ್ಟ್ ಬ್ಲಾಕಿಗೆ ಹೋಗಿ, ತಂದೆಯವರ ಜೊತೆಗೆ ಮನೆಯ ಇನ್ನೊಬ್ಬರು ಬೇರೆ ಸ್ಟ್ಯಾಂಡಿನಲ್ಲಿ ಕುಳಿತುಕೊಳ್ಳಲಿ. ಮಂಡಿನೋವಿನವರನ್ನು ನಿಂತೇ ನೋಡುವವರ ನಡುವೆ ಕೂರಿಸಿದರೆ ಅವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಜಯನಗರದಿಂದ

ಮಗಳನ್ನು ವೆಸ್ಟ್ ಬ್ಲಾಕ್ ಗುಂಪಿಗೆ ಕರೆದೊಯ್ದ ತಾಯಿಯಾಗಿ ಎರಡು ಮಾತು. ಮಕ್ಕಳನ್ನು ಅಲ್ಲಿ ಆದರದಿಂದಲೇ ಕಾಣುತ್ತಾರೆ; ಮುಂದೆ ನಿಲ್ಲಲು ಜಾಗ ಬಿಡುತ್ತಾರೆ, ಹಾಡುಗಳನ್ನು ಹೇಳಿಕೊಡುತ್ತಾರೆ. ಆದರೆ ಡ್ರಮ್ಮಿನ ಪಕ್ಕದಲ್ಲಿ ನಿಲ್ಲಿಸಬೇಡಿ, ಕಿವಿಗೆ ಹತ್ತಿಯಾದರೂ ಇರಲಿ. ರೆಫರಿಯ ತೀರ್ಪು ತಮ್ಮ ತಂಡಕ್ಕೆ ವಿರುದ್ಧವಾದಾಗ ಕೇಳಿಬರುವ ಮಾತುಗಳೆಲ್ಲ ಮಕ್ಕಳ ಕಿವಿಗೆ ಬೀಳತಕ್ಕವಲ್ಲ ಎಂಬುದನ್ನೂ ಮುಚ್ಚಿಡಲಾರೆ.

ಮೊದಲ ಸಲಕ್ಕೆ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪಂದ್ಯವನ್ನು ಆರಿಸಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಮಲಯಾಳಿಗಳು ಬಹಳ ಮಂದಿ ಇರುವುದರಿಂದ ಆ ದಿನ ಹಳದಿ ಅಂಗಿಯೂ ದಂಡಿಯಾಗಿ ಬರುತ್ತದೆ, ಗೇಟಿನ ಬಳಿ ನೂಕುನುಗ್ಗಲೂ ಹೆಚ್ಚು. 2023ರ ಮಾರ್ಚ್ 3ರಂದು ಇದೇ ಅಂಗಣದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಪ್ಲೇಆಫ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ಕೇರಳದವರು ಚೆಂಡು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಛೇತ್ರಿ ಫ್ರೀ ಕಿಕ್ಕನ್ನು ಗೋಲಿಗೆ ಸೇರಿಸಿದ್ದೂ, ಅದನ್ನು ಒಪ್ಪದ ಅವರ ತಂಡ ಮೈದಾನ ಬಿಟ್ಟು ನಡೆದದ್ದೂ ಎರಡೂ ಕಡೆಯವರಿಗೆ ಇನ್ನೂ ಹಸಿಯಾಗಿಯೇ ಇದೆ. ನೋಡಲು ಅದರಷ್ಟು ಸೊಗಸಾದ ಪಂದ್ಯ ಬೇರೊಂದಿಲ್ಲ, ಆದರೆ ಅದು ಎರಡನೆಯ ಭೇಟಿಗಿರಲಿ.

ಹಲಸೂರಿನಿಂದ

ನಿಮ್ಮ ತಂದೆಯವರ ವಿಷಯ ಓದಿ ಬರೆಯಬೇಕೆನಿಸಿತು. ಬೆಂಗಳೂರಿನ ಫುಟ್‌ಬಾಲ್ ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯಿಂದ ಶುರುವಾದದ್ದಲ್ಲ. ನಮ್ಮ ನೆರೆಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳು ಊರಿನ ಆಟವನ್ನು ಬಹುಕಾಲ ಹೊತ್ತು ನಡೆಸಿದವು. ಮೈಸೂರು ರಾಜ್ಯ 1968–69ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಅದು ಕರ್ನಾಟಕಕ್ಕೆ ಬಂದದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ. ಆ ಹಳೆಯ ಕಾಲವನ್ನು ಬಲ್ಲವರನ್ನು ಕಂಠೀರವಕ್ಕೆ ಮಾತ್ರ ಕರೆದೊಯ್ದು ಹಿಂತಿರುಗಬೇಡಿ. ಹಗಲಿನಲ್ಲಿ ಅಶೋಕನಗರದ ಹಳೆಯ ಸ್ಟೇಡಿಯಂನಲ್ಲಿ ಜಿಲ್ಲಾ ಲೀಗಿನ ಪಂದ್ಯವಿದ್ದರೆ ಅದನ್ನೂ ತೋರಿಸಿ. ಅವರು ಹೆಚ್ಚು ಮಾತನಾಡುವುದು ಅಲ್ಲಿಯೇ ಎಂದು ನನ್ನ ಊಹೆ.

ಟ್ರ್ಯಾಕನ್ನು ದೂರುವವರಿಗೆ ಒಂದು ಮಾತು. ಫುಟ್‌ಬಾಲಿನಿಂದಾಗಿ ತಮಗೆ ಅಭ್ಯಾಸಕ್ಕೆ ಜಾಗ ಸಿಗುತ್ತಿಲ್ಲವೆಂದು ಅಥ್ಲೀಟುಗಳು ದನಿ ಎತ್ತಿದ್ದುಂಟು, ಅದರಲ್ಲಿ ನ್ಯಾಯವೂ ಇದೆ. ಈ ಅಂಗಣವಿರುವುದೇ ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ಪೂಜೆಗೆ ಬರುವವರು, ಓಟಗಾರರು, ಫುಟ್‌ಬಾಲಿನವರು ಎಲ್ಲರೂ ಇಲ್ಲಿ ಪಾಲುದಾರರೇ.

ಮೈಸೂರು ರಸ್ತೆಯಿಂದ

ಕಾರು ತರಬೇಡಿ. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ತಂದೆಯವರಿಗೆ ಅಷ್ಟು ದೂರ ಕಷ್ಟವಾದರೆ ನಿಲ್ದಾಣದಿಂದ ಆಟೋ ಮಾಡಿ. ನೀರಿನ ಬಾಟಲಿ, ಛತ್ರಿಗಳನ್ನು ಗೇಟಿನಲ್ಲೇ ತಡೆಯುವುದುಂಟು, ಆದ್ದರಿಂದ ಮಳೆಗಾಲವಾದರೆ ಮಡಿಸಿಡಬಹುದಾದ ರೇನ್‌ಕೋಟು ಇರಲಿ. ಪಂದ್ಯ ಮುಗಿದೊಡನೆ ಏಳಬೇಡಿ: ಆಟಗಾರರು ವೆಸ್ಟ್ ಬ್ಲಾಕಿನ ಮುಂದೆ ಬಂದು ಅಭಿಮಾನಿಗಳೊಂದಿಗೆ ತಾಳ ಹಾಕಿ ಚಪ್ಪಾಳೆ ತಟ್ಟುವುದನ್ನು ಮಗ ನೋಡಲಿ, ಅಷ್ಟರಲ್ಲಿ ಗೇಟಿನ ಗದ್ದಲವೂ ಇಳಿಯುತ್ತದೆ. ಆದರೆ ಕೊನೆಯ ಮೆಟ್ರೋದ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ, ಏಕೆಂದರೆ ರಾತ್ರಿ ಏಳೂವರೆಗೆ ಶುರುವಾದ ಪಂದ್ಯ ಮುಗಿಯುವಾಗ ಒಂಬತ್ತೂವರೆಯಾಗಿರುತ್ತದೆ. ಮೆಜೆಸ್ಟಿಕ್‌ಗೆ ಅದೇ ಮಾರ್ಗದಲ್ಲಿ ನೇರ ಹೋಗಬಹುದು, ರೈಲು ಬದಲಿಸಬೇಕಿಲ್ಲ. ಅಲ್ಲಿಂದ ತುಮಕೂರಿನ ಬಸ್ಸು ಹಿಡಿಯಿರಿ.